ಖಾಲಿ ಕೊಡಬಾರದ ತಟ್ಟೆ

ನಾನು ಮಾಡಿದ ಹೋಳಿಗೆ ಗ್ಯಾರೇಜಿನಲ್ಲಿ ಪೇಂಟ್ ಡಬ್ಬಿಗಳ ಪಕ್ಕದಲ್ಲಿ ಕುಳಿತಿದ್ದನ್ನು ಕಣ್ಣಾರೆ ಕಂಡವನು ನಾನು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಸಿಕೊಳ್ಳಿ ಎಂದು ಹೆಂಡತಿ ಹೇಳುತ್ತಾಳೆ, ಮಗಳು ಆಸ್ಟಿನ್ನಿನಿಂದ ಫೋನು ಮಾಡಿ ಹೇಳುತ್ತಾಳೆ. ಇಳಿದಾಗ ಇಳಿಯುತ್ತದೆ, ಅದೇನು ಲಿಫ್ಟ್ ಅಲ್ಲವಲ್ಲ ಬಟನ್ ಒತ್ತಿದರೆ ಇಳಿಯಲು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ ಕೆಲಸ ಕಲಿತೆ. ಅಲ್ಲಿಂದ ಹ್ಯೂಸ್ಟನ್ನಿನ ಹೋಟೆಲಿನ ಅಡಿಗೆಮನೆಗೆ ಬಂದೆ, ಆಮೇಲೆ ಡಲ್ಲಾಸಿಗೆ ಬಂದು ನನ್ನದೇ ಒಂದು ಸಣ್ಣ ಅಂಗಡಿ ಮಾಡಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ. ಡಲ್ಲಾಸಿನ ಸುತ್ತ ಅಲೆನ್‌ನಿಂದ ಫ್ಲವರ್ ಮೌಂಡ್‌ವರೆಗೆ ಯಾವ ಕನ್ನಡದವರ ಮನೆಯಲ್ಲಿ ಸೀಮಂತವಾದರೂ, ಗೃಹಪ್ರವೇಶವಾದರೂ ನನ್ನ ಡಬ್ಬಿಗಳು ಹೋಗುತ್ತವೆ. ಓದಿದವರು ಮೀಟಿಂಗಿನಲ್ಲಿ ಮಾತಾಡಿ ಹೆಸರು ಮಾಡುತ್ತಾರೆ, ನಾನು ಕಣಕ ನಾದಿ ಮಾಡಿದ್ದೇನೆ. ನನಗೆ ಅದರ ಬಗ್ಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ.

ಅಡಿಗೆಯವನಿಗೆ ಬೈದರೂ ನಡೆಯುತ್ತದೆ. ಉಪ್ಪು ಕಮ್ಮಿ ಅನ್ನಿ, ಖಾರ ಜಾಸ್ತಿ ಅನ್ನಿ, ತಡೆದುಕೊಳ್ಳುತ್ತಾನೆ. ಮಾಡಿಕೊಟ್ಟದ್ದನ್ನು ತಿನ್ನದೆ ಇಟ್ಟರೆ ಮಾತ್ರ ತಡೆಯುವುದಿಲ್ಲ. ಅದಕ್ಕೇ ನನಗೆ ನಮ್ಮ ಜನರ ದೀಪಾವಳಿ ಡಬ್ಬಿಗಳನ್ನು ಕಂಡರೆ ಆಗುವುದಿಲ್ಲ. ಒಳಗೆ ನಾಲ್ಕು ಗೋಡಂಬಿ, ನಾಲ್ಕು ಬಾದಾಮಿ, ಮೇಲೆ ಜರಿಯ ರಿಬ್ಬನ್. ಒಬ್ಬರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ. ಒಂದು ವರ್ಷ ಫ್ಲವರ್ ಮೌಂಡಿನ ಒಂದು ಮನೆಗೆ ನಾನೇ ಕೊಟ್ಟ ಡಬ್ಬಿ ಊರೆಲ್ಲ ಸುತ್ತಿ ಸಂಕ್ರಾಂತಿಯ ಹೊತ್ತಿಗೆ ನನ್ನ ಮನೆಗೇ ಬಂತು. ರಿಬ್ಬನ್ನನ್ನು ಕೂಡ ಯಾರೂ ಬಿಚ್ಚಿರಲಿಲ್ಲ. ತಿನ್ನುವ ವಸ್ತುವನ್ನು ಅಂಚೆ ಲಕೋಟೆಯ ಹಾಗೆ ಓಡಾಡಿಸುವ ಈ ಜನಕ್ಕೆ ಏನು ಹೇಳಬೇಕು?

ಹೀಗಿರುವಾಗ ನಮ್ಮ ಬಾಜೂ ಮನೆಯವರನ್ನು ನಾನು ತುಂಬ ಮೆಚ್ಚಿಕೊಂಡಿದ್ದೆ. ವಯಸ್ಸಾದ ಯಹೂದಿ ಗಂಡಹೆಂಡತಿ. ಗಂಡ ಟೈರ್ ಅಂಗಡಿ ಇಟ್ಟು ಜೀವನವಿಡೀ ದುಡಿದು, ಈಗ ಅಂಗಡಿ ಮಾರಿ ಮನೆಯಲ್ಲಿದ್ದರು. ಅವರ ಬೆರಳುಗಳ ಸಂದಿಯಲ್ಲಿ ಇನ್ನೂ ಕಪ್ಪು ಉಳಿದಿತ್ತು, ನನ್ನ ಮುಂಗೈ ಮೇಲೆ ತವೆಯ ಸುಟ್ಟ ಗುರುತುಗಳಿರುವಂತೆ. ನನ್ನನ್ನು 'ಶೆಫ್' ಎಂದು ಕರೆಯುತ್ತಿದ್ದರು. ನಾನು ಅವರನ್ನು 'ಸರ್' ಎನ್ನುತ್ತಿದ್ದೆ. ಈ ಊರಿನಲ್ಲಿ ಯಾರಾದರೂ ರಸ್ತೆಯಲ್ಲಿ ನಡೆದು ಹೋಗುತ್ತಿದ್ದರೆ ಕಾರು ಕೆಟ್ಟಿತೇ ಎಂದು ಜನ ನಿಲ್ಲಿಸಿ ಕೇಳುತ್ತಾರೆ. ಇವರಿಬ್ಬರು ಮಾತ್ರ ಪ್ರತಿ ಶನಿವಾರ ಬಿಸಿಲಿರಲಿ, ಚಳಿಯಿರಲಿ, ಒಳ್ಳೆಯ ಬಟ್ಟೆ ತೊಟ್ಟು ತಮ್ಮ ಪ್ರಾರ್ಥನಾಮಂದಿರಕ್ಕೆ ನಡೆದೇ ಹೋಗುತ್ತಿದ್ದರು. ಆಚಾರವೆಂದರೆ ಏನೆಂದು ತಿಳಿದ ಜನ ಎಂದು ನನಗೆ ಮೊದಲಿನಿಂದಲೂ ಗೌರವ.

ಅವರಿಗೆ ಪುರಿಮ್ ಎಂಬ ಹಬ್ಬವಿದೆ. ಬಹುತೇಕ ವರ್ಷ ನಮ್ಮ ಹೋಳಿ ಹುಣ್ಣಿಮೆಯ ಆಸುಪಾಸಿಗೇ ಬರುತ್ತದೆ. ನಾವು ಈ ಮನೆಗೆ ಬಂದ ಮೊದಲ ವರ್ಷವೇ ಆ ಮನೆಯಾಕೆ ಒಂದು ಬಣ್ಣದ ಕಾಗದದ ಚೀಲ ಹಿಡಿದು ಬಾಗಿಲಿಗೆ ಬಂದರು. ಅದರಲ್ಲಿ ಒಂದು ಕಿತ್ತಳೆ ಹಣ್ಣು, ಸಣ್ಣ ಬಾಟಲಿ ದ್ರಾಕ್ಷಿ ರಸ, ಮುಕ್ಕೋನದ ಬಿಸ್ಕತ್ತುಗಳು. ಬಿಸ್ಕತ್ತಿನ ಹೊಟ್ಟೆಯೊಳಗೆ ಗಸಗಸೆ! ನಾವು ಪಾಯಸಕ್ಕೆ ಅರೆಯುವ ಗಸಗಸೆಯನ್ನು ಇವರು ಸಿಹಿ ಮಾಡಿ ಹಿಟ್ಟಿನಲ್ಲಿ ಮಡಚಿದ್ದರು. ನಾನು ಅಲ್ಲೇ ಬಾಗಿಲಲ್ಲೇ ಒಂದನ್ನು ಬಾಯಿಗೆ ಹಾಕಿಕೊಂಡೆ. ಆಕೆ ಚಪ್ಪಾಳೆ ತಟ್ಟಿ ನಕ್ಕರು.

"ಹೀಗೇ ತಿನ್ನಬೇಕು ಶೆಫ್, ಇದೇ ನಮ್ಮ ನಿಯಮ" ಎಂದು ಆಕೆ ವಿವರಿಸಿದರು. ಈ ಹಬ್ಬದಲ್ಲಿ ಒಬ್ಬ ಸ್ನೇಹಿತರಿಗಾದರೂ ಕನಿಷ್ಠ ಎರಡು ಬಗೆಯ ತಿನಿಸು ಕೊಡಬೇಕು. ಹಬ್ಬದ ದಿನವೇ, ಹಗಲಿನಲ್ಲೇ ಮುಟ್ಟಬೇಕು. ಕೈಗೆ ಬಂದ ತಕ್ಷಣ ತಿನ್ನುವಂತಿರಬೇಕು. ಇನ್ನೂ ಬೇಯಿಸಬೇಕಾದ ಅಕ್ಕಿ ಬೇಳೆ ನಡೆಯುವುದಿಲ್ಲ, ಬಟ್ಟೆಬರೆ ನಡೆಯುವುದಿಲ್ಲ.

ನೋಡಿ, ಇದು ಕೊಡುವ ರೀತಿ! ರಿಬ್ಬನ್ ಕಟ್ಟಿ ಕಪಾಟಿನಲ್ಲಿ ಇಡುವುದಲ್ಲ. ಮರುದಿನ ಹುಣ್ಣಿಮೆಗೆ ಹೋಳಿಗೆ ಮಾಡಿದಾಗ ನಾನು ಬಿಸಿಬಿಸಿಯಾಗಿ ನಾಲ್ಕನ್ನು ಡಬ್ಬಿಗೆ ಹಾಕಿಕೊಂಡು ಹೋದೆ. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, "ಎಂಥ ಪರಿಮಳ!" ಎಂದರು. ಅಂದಿನಿಂದ ಪ್ರತಿ ವರ್ಷವೂ ಹಾಗೆಯೇ. ಅತ್ತಲಿಂದ ಗಸಗಸೆಯ ಮುಕ್ಕೋನ, ಇತ್ತಲಿಂದ ಹೋಳಿಗೆ.

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಆಕೆ ತೀರಿಕೊಂಡರು. ಆ ವಸಂತದಲ್ಲಿ ಹಬ್ಬ ಬಂದಾಗ ಈ ಸಲ ಏನೂ ಬರಲಿಕ್ಕಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಮಧ್ಯಾಹ್ನ ಬಾಗಿಲಿನ ಗಂಟೆ ಬಾರಿಸಿತು. ಬಾಗಿಲು ತೆರೆದರೆ ಆಕೆಯ ಗಂಡನೇ ನಿಂತಿದ್ದರು, ಕೈಯಲ್ಲಿ ನೀಲಿ ಅಂಚಿನ ದಪ್ಪ ಪಿಂಗಾಣಿ ತಟ್ಟೆ. ಅದರ ಮೇಲೆ ಎರಡು ಸೇಬು, ಮತ್ತೆ ಮುಕ್ಕೋನದ ಬಿಸ್ಕತ್ತು. ಮುಕ್ಕೋನ ಎನ್ನುವುದು ಮರ್ಯಾದೆಗೆ. ಮೂಲೆಗಳು ಬಿಚ್ಚಿಕೊಂಡು ಗಸಗಸೆ ಹೊರಗೆ ಹರಿದು ಸುಟ್ಟಿತ್ತು.

"ಇದು ಅವಳ ಕೆಲಸ. ನನಗೆ ಬರುವುದಿಲ್ಲ. ಆದರೂ ಮಾಡಿದೆ. ಚೀಲಗಳನ್ನು ಎಲ್ಲಿಟ್ಟಿದ್ದಳೋ ಸಿಗಲಿಲ್ಲ, ಅದಕ್ಕೆ ತಟ್ಟೆಯಲ್ಲಿ ತಂದೆ" ಎಂದರು.

ಅವರ ಇಂಗ್ಲಿಷ್ ನನ್ನ ಕಿವಿಗೆ ಹೇಗೆ ಬಿತ್ತೋ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಒಂದನ್ನು ಅವರೆದುರಿಗೇ ತಿಂದೆ. ಕಲ್ಲು! ಆದರೆ ಕೊನೆಯ ಚೂರಿನವರೆಗೂ ತಿಂದೆ.

ಮರುದಿನ ಹುಣ್ಣಿಮೆ. ತಟ್ಟೆ ವಾಪಸ್ ಕೊಡಬೇಕು. ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಖಾಲಿ ಹಿಂದಿರುಗಿಸುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತೇವೆ. ಅದರಲ್ಲೂ ಸಾವಾದ ಮನೆಗೆ ಖಾಲಿ ತಟ್ಟೆ ಹಿಡಿದು ಹೋಗುವುದುಂಟೇ? ಹೆಂಡತಿ ತಟ್ಟೆಯನ್ನು ಬಿಸಿನೀರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆದು, ತನ್ನ ತವರಿನ ಪರಾತದಲ್ಲಿ ಬೋರಲು ಹಾಕಿದಳು. ಪರಾತವೆಂದರೆ ನಾವು ಕಣಕ ಕಲಸುವ ದೊಡ್ಡ ಅಗಲವಾದ ತಟ್ಟೆ. ನಾನು ಹೋಳಿಗೆಗಳನ್ನು ತವೆಯಿಂದ ನೇರವಾಗಿ ಆ ನೀಲಿ ಅಂಚಿನ ತಟ್ಟೆಗೆ ಹಾಕಿ, ಮೇಲೆ ಕಾಯಿಸಿದ ತುಪ್ಪವನ್ನು ಧಾರಾಳವಾಗಿ ಸುರಿದೆ. ತುಪ್ಪ ಅಂಚಿನವರೆಗೂ ಬಂತು.

ಅವರು ಬಾಗಿಲು ತೆರೆದರು. ತಟ್ಟೆಯನ್ನು ನೋಡಿದರು. ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಹೆಂಡತಿಯ ನೆನಪಾಗಿರಬೇಕು ಎಂದು ನಾನು ತಿಳಿದೆ. ಆಮೇಲೆ ಎರಡೂ ಕೈ ಚಾಚಿ ತೆಗೆದುಕೊಂಡು, "ಪರಿಮಳ ಬಹಳ ಚೆನ್ನಾಗಿದೆ ಶೆಫ್" ಎಂದರು.

ಮಾರನೆಯ ಬೆಳಿಗ್ಗೆ ನಾನು ಅಂಗಡಿಗೆ ಹೊರಡುತ್ತಿದ್ದೆ. ಅವರ ಗ್ಯಾರೇಜಿನ ಬಾಗಿಲು ಮೇಲಕ್ಕೆ ಸರಿದು ತೆರೆದಿತ್ತು. ಒಳಗೆ ಕಟ್ಟಿಗೆಯ ಹಲಗೆಯ ಮೇಲೆ, ಪೇಂಟ್ ಡಬ್ಬಿಗಳ ಪಕ್ಕದಲ್ಲಿ, ನೀಲಿ ಅಂಚಿನ ತಟ್ಟೆ. ಅದರ ಮೇಲೆ ನನ್ನ ಹೋಳಿಗೆ, ಇಟ್ಟದ್ದು ಇಟ್ಟ ಹಾಗೆಯೇ. ತುಪ್ಪ ಹೆಪ್ಪುಗಟ್ಟಿ ಬಿಳಿಯಾಗಿತ್ತು.

ನನ್ನ ಕಾಲು ಅಲ್ಲೇ ನಿಂತಿತು. ಆಗ ನನಗೆ ಡಲ್ಲಾಸ್ ಕಾಣಲಿಲ್ಲ. ನನ್ನವ್ವ ಧಾರವಾಡದಲ್ಲಿ ಒಂದು ದೊಡ್ಡ ಮನೆಗೆ ಶಾವಿಗೆ ಹೊಸೆದು ಕೊಡುತ್ತಿದ್ದಳು. ಒಣ ಶಾವಿಗೆ ಅವರಿಗೆ ನಡೆಯುತ್ತಿತ್ತು. ಒಂದು ಯುಗಾದಿಗೆ ಪ್ರೀತಿಯಿಂದ ಹೋಳಿಗೆ ಮಾಡಿಕೊಂಡು ಹೋದಳು, ನಾನು ಜೊತೆಗಿದ್ದೆ. ಆ ಮನೆಯ ಯಜಮಾನಿ ಡಬ್ಬಿಯನ್ನು ಕೈಯಿಂದ ಮುಟ್ಟಲೂ ಇಲ್ಲ. "ಅಲ್ಲೇ ದನದ ಮುಂದ ಹಾಕು" ಎಂದಳು. ಅವ್ವ ಹಾಕಿದಳು. ಆ ದಿನದಿಂದ ನನಗೆ ಒಂದೇ ಹಟ: ನನ್ನ ಕೈಯ ಅಡಿಗೆಯನ್ನು ಯಾವ ದೊಡ್ಡ ಮನೆಯೂ ಬೇಡ ಅನ್ನಬಾರದು. ಅಷ್ಟು ದೂರ ಬಂದು, ಅಷ್ಟು ದುಡಿದು, ಇಲ್ಲಿಯೂ ಅದೇ ಹೋಳಿಗೆ, ಅದೇ ಅವಮಾನ! ಅಲ್ಲಿ ಹಸುವಾದರೂ ತಿಂದಿತು. ಇಲ್ಲಿ ಪೇಂಟ್ ಡಬ್ಬಿ ತಿನ್ನುತ್ತದೆಯೇ?

ಮಗಳಿಗೆ ಫೋನು ಮಾಡಿದೆ. ಅವಳ ರೂಮಿನಲ್ಲಿ ಒಬ್ಬಳು ಯಹೂದಿ ಹುಡುಗಿ ಇರುವುದು ನನಗೆ ಗೊತ್ತಿತ್ತು.

"ಅಪ್ಪಾ, ದೇ ಕೀಪ್ ಕೋಷರ್" ಎಂದಳು. "ಇಟ್ಸ್ ನಾಟ್ ಅಬೌಟ್ ಯು."

"ನಂಗ ತಿಳಿಯೂ ಹಂಗ ಹೇಳವಾ."

ತಡವರಿಸುತ್ತ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. ಅವರ ಆಹಾರಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಬೇರೆಯವರ ಅಡಿಗೆಮನೆಯಲ್ಲಿ ಬೇಯಿಸಿದ್ದನ್ನು ತಿನ್ನುವುದಿಲ್ಲ, ಅದು ಶುದ್ಧ ಸಸ್ಯಾಹಾರವಾಗಿದ್ದರೂ ಸರಿ.

"ಹಂಗಾದ್ರ ಇಷ್ಟು ವರ್ಷ ಕೊಟ್ಟಿದ್ದು?"

"ಐ ಡೋಂಟ್ ಥಿಂಕ್ ದೇ ಏಟ್ ಇಟ್, ಅಪ್ಪಾ." ಮತ್ತೊಂದು ಮಾತನ್ನೂ ಸೇರಿಸಿದಳು: ಆ ಹಬ್ಬದಲ್ಲಿ ಕೊಡುವ ತಿನಿಸು ಯಹೂದಿಯಿಂದ ಯಹೂದಿಗೆ ಹೋಗಬೇಕಂತೆ. ನಮಗೆ ಕೊಟ್ಟದ್ದು ಅವರ ನಿಯಮದ ಲೆಕ್ಕಕ್ಕೇ ಬರುವುದಿಲ್ಲವಂತೆ.

ಬೆಂಕಿಗೆ ಎಣ್ಣೆ ಸುರಿದಂತಾಯಿತು. ಅಂದರೆ ನಾನು ಕೊಟ್ಟದ್ದು ತಿನ್ನಲಿಕ್ಕಿಲ್ಲ, ಅವರು ಕೊಟ್ಟದ್ದು ಲೆಕ್ಕಕ್ಕಿಲ್ಲ! 'ಪರಿಮಳ' ಎಂದರಲ್ಲ ಪ್ರತಿ ವರ್ಷ, ಆ ಮಾತು ಆಗ ಹೊಳೆಯಿತು. ಒಮ್ಮೆಯೂ ರುಚಿಯ ಮಾತು ಆಡಿರಲಿಲ್ಲ. ಸುಳ್ಳು ಹೇಳಬಾರದೆಂದು ಮೂಗಿನಲ್ಲೇ ಮುಗಿಸಿದ್ದರು. ನಾನು ಮೂರ್ಖನ ಹಾಗೆ ಹಿಗ್ಗಿ ಹಿಗ್ಗಿ ಮನೆಗೆ ಬಂದಿದ್ದೆ.

ಅಂಗಡಿಗೆ ಹೋಗಲಿಲ್ಲ. ನೇರ ಅವರ ಗ್ಯಾರೇಜಿಗೆ ನುಗ್ಗಿದೆ. ಅವರು ಒಂದು ಸ್ಟೂಲಿನ ಮೇಲೆ ಕುಳಿತು ಏನೋ ಸ್ಕ್ರೂ ಹುಡುಕುತ್ತಿದ್ದರು.

"ಇದೇನು ಸರ್? ನನ್ನ ಕೈ ಹೊಲಸೇ?" ಎಂದೆ.

ಅವರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. "ಕುಳಿತುಕೊ ಶೆಫ್."

"ಕೂಡುವುದಿಲ್ಲ. ನನ್ನ ಅಡಿಗೆಮನೆಯಲ್ಲಿ ಮಾಂಸವಿಲ್ಲ, ಮೊಟ್ಟೆ ಕೂಡ ಇಲ್ಲ. ನಿಮ್ಮ ಮನೆಗಿಂತ ನನ್ನ ಮನೆ ಸ್ವಚ್ಛ. ಇಷ್ಟು ವರ್ಷ ನನ್ನ ಹೋಳಿಗೆ ಎಲ್ಲಿ ಹೋಯಿತು, ಹೇಳಿ. ಕಸದ ಡಬ್ಬಿಗೋ?"

"ಕಸಕ್ಕೆ? ಅವಳು ಆಹಾರವನ್ನು ಕಸಕ್ಕೆ ಹಾಕುವವಳಲ್ಲ. ಹುಲ್ಲು ಕತ್ತರಿಸಲು ಬರುತ್ತಾನಲ್ಲ, ಅವನಿಗೆ ಕೊಡುತ್ತಿದ್ದಳು. ಅವನು ಮಾರ್ಚ್ ತಿಂಗಳಿಗಾಗಿ ಕಾಯುತ್ತಾನೆ."

"ನಾನು ಅವನಿಗೆ ಕೊಟ್ಟಿರಲಿಲ್ಲ, ನಿಮಗೆ ಕೊಟ್ಟಿದ್ದೆ!"

"ನಿಜ" ಎಂದರು. ಅಷ್ಟೇ.

ಆ 'ನಿಜ' ಕೇಳಿ ನನ್ನ ಸಿಟ್ಟು ಇನ್ನೂ ಏರಿತು. "ನಾನು ನಿಮ್ಮ ಲೆಕ್ಕಕ್ಕೂ ಇಲ್ಲವಂತೆ. ನನಗೆ ಕೊಟ್ಟರೆ ನಿಮ್ಮ ಹಬ್ಬದ ನಿಯಮ ಪೂರ್ತಿಯಾಗುವುದಿಲ್ಲವಂತೆ. ಹೌದೋ ಅಲ್ಲವೋ?"

"ಹೌದು" ಎಂದು ಅವರು ಎದ್ದು ನಿಂತರು. ಈಗ ಅವರ ಧ್ವನಿಯೂ ಏರಿತ್ತು. "ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬೇಕಾದದ್ದನ್ನು ಆ ದಿನ ಬೆಳಿಗ್ಗೆಯೇ ನಮ್ಮ ಮಂದಿರದಲ್ಲಿ ಒಬ್ಬನಿಗೆ ಕೊಟ್ಟು ಮುಗಿಸಿದ್ದೆ, ಅಂಗಡಿಯಿಂದ ತಂದ ಡಬ್ಬಿ. ನಿನಗೆ ಯಾವ ನಿಯಮ ಕೊಡು ಎಂದು ಹೇಳಿತ್ತು? ಈ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಹಿಟ್ಟು ಕಲಸಿ ಕೈಸುಟ್ಟುಕೊಂಡೆನಲ್ಲ, ಅದು ಯಾವ ಲೆಕ್ಕಕ್ಕೆ?"

ಉತ್ತರ ಹೊಳೆಯದಿದ್ದರೆ ಧ್ವನಿ ಏರಿಸುವುದು ನನ್ನ ಸ್ವಭಾವ. "ಮತ್ತೆ ತಟ್ಟೆಯನ್ನು ಯಾಕೆ ಇಲ್ಲಿಟ್ಟಿರಿ? ನಾನು ಮುಟ್ಟಿದ್ದಕ್ಕೇ ತಾನೇ?"

"ನೀನು ಮುಟ್ಟಿದ್ದಕ್ಕಲ್ಲ! ನಿನ್ನ ಬೆಣ್ಣೆಗೆ!" ತುಪ್ಪಕ್ಕೆ ಅವರು ಬೆಣ್ಣೆ ಎನ್ನುತ್ತಾರೆ. "ಹಾಲಿನದೂ ಮಾಂಸದ್ದೂ ನಮ್ಮಲ್ಲಿ ಬೇರೆ ಬೇರೆ. ಪಾತ್ರೆಗಳು ಬೇರೆ, ತಟ್ಟೆಗಳು ಬೇರೆ. ಇದು ಮಾಂಸದ ತಟ್ಟೆ. ಅವಳ ತಾಯಿಯದು. ಪ್ರತಿ ಹಬ್ಬಕ್ಕೂ ಅವಳು ಇದರಲ್ಲೇ ಮಾಂಸ ಬಡಿಸುತ್ತಿದ್ದಳು. ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು, ನಾನು ಚೆಂದ ಕಂಡಿತೆಂದು ತೆಗೆದುಕೊಂಡು ಬಂದೆ. ನೀನು ಅದರ ಮೇಲೆ ಬಿಸಿ ಬೆಣ್ಣೆ ಸುರಿದೆ. ಪಿಂಗಾಣಿ ಒಮ್ಮೆ ಕೆಟ್ಟರೆ ಶುದ್ಧವಾಗುವುದಿಲ್ಲ. ನಮ್ಮ ಧರ್ಮಗುರು ರಬ್ಬಿಯನ್ನು ಕೇಳಿದೆ, ಇನ್ನು ಊಟಕ್ಕೆ ಬಾರದು ಎಂದರು. ಒಳಗೆ ಇಡುವ ಹಾಗಿಲ್ಲ. ಹೊರಗೆ ಎಸೆಯಲು ನನ್ನ ಕೈ ಬರುವುದಿಲ್ಲ. ಗ್ಯಾರೇಜಿನಲ್ಲಿಡದೆ ಎಲ್ಲಿಡಲಿ?"

ಮಾಂಸದ ತಟ್ಟೆ! ನಾನು ಹುಣ್ಣಿಮೆಯ ಹೋಳಿಗೆ ಹಾಕಿದ್ದು ಮಾಂಸದ ತಟ್ಟೆಗೆ. ಆ ಎರಡು ಸೇಬನ್ನು ನಾವು ತೊಳೆಯದೆ ತಿಂದಿದ್ದೆವು.

"ಬಾಗಿಲಲ್ಲೇ ಹೇಳಬಾರದಿತ್ತೇ?" ಎಂದೆ. ಧ್ವನಿ ಈಗ ಕೆಳಗಿಳಿದಿತ್ತು, ಸಿಟ್ಟಲ್ಲ.

"ಹೇಗೆ ಹೇಳಲಿ? ನೀನು ಬಿಸಿ ಊಟ ಹಿಡಿದು ನಗುತ್ತ ನಿಂತಿದ್ದೆ. ಅಷ್ಟರಲ್ಲಿ ತಟ್ಟೆ ಕೆಟ್ಟೇ ಹೋಗಿತ್ತು. ನಿನ್ನ ನಗುವನ್ನೂ ಕೆಡಿಸಬೇಕಿತ್ತೇ?"

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಒದರಿದೆ. ಅವಳಾದರೂ ನನ್ನ ಪರವಾಗಿ ಸಿಟ್ಟಾಗುತ್ತಾಳೆ ಎಂದು ಆಸೆ. ಅವಳು ಅಷ್ಟು ಮಾತಿನಲ್ಲಿ ಒಂದೇ ಶಬ್ದ ಹಿಡಿದುಕೊಂಡಳು.

"ಏನಂದ್ರಿ? ಎಂಥಾ ತಟ್ಟಿ ಅದು?"

"ಮಾಂಸದ್ದಂತ. ಅದಿರ್ಲಿ, ನಾ ಹೇಳೂದು ಕೇಳು—"

"ಏನ್ ಕೇಳೂದ್ರೀ! ನನ್ನ ಸಿಂಕಿನ್ಯಾಗ ತೊಳದೇನಿ. ನನ್ನ ಪರಾತದಾಗ ಬೋರಲ ಹಾಕೇನಿ. ಅದ ಪರಾತದಾಗ ಇವತ್ತ ದೇವರ ನೈವೇದ್ಯಕ್ಕ ಹಿಟ್ಟು ನಾದೇನಲ್ರೀ, ಶಿವನ!"

ಮುಂದಿನ ಅರ್ಧ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಏನೆನ್ನಲಿ. ತಿಕ್ಕುವ ಬ್ರಶ್ಶು ಕಸಕ್ಕೆ ಹೋಯಿತು. ಸಿಂಕಿಗೆ ಕೊತಕೊತ ಕುದಿಯುವ ನೀರು, ಹುಣಸೆಹಣ್ಣು, ಮತ್ತೆ ಕುದಿಯುವ ನೀರು. ನಾದಿದ ಹಿಟ್ಟು ಹಿತ್ತಿಲಿನ ಹಕ್ಕಿಗಳಿಗೆ. ಕೊನೆಗೆ ಆ ಪರಾತವನ್ನು ಎರಡು ಬೆರಳಲ್ಲಿ ಹಿಡಿದು ಅವಳು ಎಲ್ಲಿಗೆ ಹೋದಳು ಹೇಳಿ? ಗ್ಯಾರೇಜಿಗೆ! ನನ್ನ ಹಳೆಯ ಟೂಲ್‌ಬಾಕ್ಸಿನ ಪಕ್ಕ ಇಟ್ಟು ಬಂದಳು. ಅವಳ ತವರಿನಿಂದ ಬಂದ ಪರಾತ, ಹೊತ್ತು ತಂದದ್ದು ನಾನು, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು.

ನನಗೆ ತಡೆಯಲಾಗಲಿಲ್ಲ. "ಆ ಅಜ್ಜಗೂ ನಿನಗೂ ಏನ ಫರಕು? ಅಂವಾ ನಮ್ಮ ತುಪ್ಪಕ್ಕ ತಟ್ಟಿ ಹೊರಗಿಟ್ಟ, ನೀ ಅವನ ತಟ್ಟಿಗೆ ಪರಾತ ಹೊರಗಿಟ್ಟಿ. ನಡುವ ನನ್ನ ಹೋಳಿಗಿ ಬೀದಿಪಾಲಾತು!"

"ಏನೂ ಫರಕಿಲ್ಲ" ಎಂದಳು ಹೆಂಡತಿ ಕೈ ಒರೆಸಿಕೊಳ್ಳುತ್ತ. "ಅವರು ತಮ್ಮ ಮನಿ ಕಾಯಕೊಂಡ್ರು, ನಾ ನನ್ನ ಮನಿ ಕಾಯಕೊಂಡೆ. ಅದರಾಗ ನಿಮ್ಮ ಮರ್ಯಾದಿ ಎಲ್ಲಿಂದ ಬಂತು?"

"ನಮ್ಮವ್ವನ ಹೋಳಿಗಿ ದನಕ್ಕ ಹಾಕಸಿದ್ರಲ್ಲ, ಅವರೂ ಹಿಂಗ ಅಂದಿರಬೇಕು. ಮನಿ ಕಾಯಕೊಂಡೇವಿ ಅಂತ."

"ಅವರ ಮಾತು ಬ್ಯಾರೆ. ಅವರು ನಿಮ್ಮವ್ವನ ಕೈಯಿಂದ ಡಬ್ಬಿ ಸೈತ ಇಸಕೊಳ್ಳಲಿಲ್ಲ. ಈ ಅಜ್ಜಾರು ಎರಡೂ ಕೈಲೆ ಇಸಕೊಂಡಾರ. ಕೆಟ್ಟದ್ದು ಅವರ ತಟ್ಟಿ, ಅದೂ ಹೆಂಡತಿದು. ನಿಮಗ ನಾಕು ಹೋಳಿಗಿದ ಚಿಂತಿ. ಹೋಗ್ರಿ, ಮೊದಲ ಸ್ನಾನಾ ಮಾಡ್ರಿ. ಆ ಗ್ಯಾರೇಜಿನ್ಯಾಗ ನಿಂತು ಬಂದೀರಿ."

ಸ್ನಾನ ಮಾಡಿದೆ. ಅವಳ ಮಾತು ಸರಿಯೆಂದು ಆಗಲೂ ಒಪ್ಪಲಿಲ್ಲ, ಈಗಲೂ ಪೂರ್ತಿ ಒಪ್ಪುವುದಿಲ್ಲ. ಕೊಡುವವನ ಕಡೆಯಿಂದ ನೋಡಿ. ಕೀಳೆಂದು ಬಿಟ್ಟರೂ, ನಿಯಮವೆಂದು ಬಿಟ್ಟರೂ, ಉಳಿದ ಹೋಳಿಗೆ ಉಳಿದ ಹೋಳಿಗೆಯೇ. ಆದರೆ 'ಹೆಂಡತಿದು' ಎಂದಳಲ್ಲ, ಅದು ಮಾತ್ರ ಮುಳ್ಳಿನ ಹಾಗೆ ಒಳಗೆ ಉಳಿಯಿತು. ನಾನು ತಟ್ಟೆ ಖಾಲಿ ಕೊಡಬಾರದೆಂದು ಹೋಗಿ, ಆ ಮನುಷ್ಯನ ಕೈಯಲ್ಲಿ ಉಳಿದಿದ್ದ ಆಕೆಯ ತಟ್ಟೆಯನ್ನೇ ಊಟಕ್ಕಿಲ್ಲದಂತೆ ಮಾಡಿದ್ದೆ.

ಬಹಳ ದಿನ ನಾನೂ ಬಾಜೂ ಮನೆಯವರೂ ಮಾತಾಡಲಿಲ್ಲ. ಇಬ್ಬರಿಗೂ ಬಿಗುಮಾನ. ಡ್ರೈವ್‌ವೇಯಲ್ಲಿ ಎದುರಾದರೆ ಕೈ ಎತ್ತುವುದು, ಅಷ್ಟೇ. ಬೇಸಿಗೆಯಲ್ಲಿ ಒಂದು ದಿನ ನನ್ನ ವ್ಯಾನಿನ ಹಿಂದಿನ ಚಕ್ರ ಗಾಳಿ ಕಳೆದುಕೊಂಡು ಕುಳಿತಿತ್ತು. ಹ್ಯೂಸ್ಟನ್ ಹತ್ತಿರದ ವುಡ್‌ಲ್ಯಾಂಡ್ಸ್‌ನ ಒಂದು ಮದುವೆ ಮನೆಗೆ ಊಟ ಒಯ್ಯಬೇಕು, ಗಂಟೆಗಟ್ಟಲೆಯ ದಾರಿ. ನಾನು ಜಾಕ್ ಇಟ್ಟು ಒದ್ದಾಡುತ್ತಿದ್ದರೆ ಅವರು ಏನೂ ಕೇಳದೆ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಚಕ್ರ ಬದಲಿಸಿ, ಕೈ ಒರೆಸಿಕೊಂಡರು.

"ಥ್ಯಾಂಕ್ಸ್ ಸರ್. ಆದರೆ ನನಗಿನ್ನೂ ಸಿಟ್ಟಿದೆ" ಎಂದೆ.

"ನನಗೂ ಇದೆ. ನಟ್ಟುಗಳನ್ನು ಐವತ್ತು ಮೈಲಿ ಆದ ಮೇಲೆ ಇನ್ನೊಮ್ಮೆ ಬಿಗಿ ಮಾಡು" ಎಂದರು.

ಎರಡು ಹೆಜ್ಜೆ ಹೋದವರು ತಿರುಗಿ ನಿಂತರು. "ಶೆಫ್, ಹಣ್ಣು ಕೊಟ್ಟರೆ ನಾನು ತಿನ್ನುತ್ತೇನೆ. ಕತ್ತರಿಸದ ಹಣ್ಣು."

"ಹಣ್ಣು ಗಿಡ ಮಾಡುತ್ತದೆ ಸರ್. ನಾನು ಗಿಡವಲ್ಲ, ಅಡಿಗೆಯವನು."

ಅವರು ಜೋರಾಗಿ ನಕ್ಕರು. ಬಹಳ ಹೊತ್ತು ನಕ್ಕರು. ಆಮೇಲೆ, "ಹಾಗಾದರೆ ನನ್ನ ಅಡಿಗೆಮನೆಗೆ ಬಂದು ಮಾಡುತ್ತೀಯಾ?" ಎಂದು ಕೇಳಿದರು.

ಮೊದಲು ನನಗೆ ಅದೂ ಅವಮಾನವೇ ಅನಿಸಿತು. ನನ್ನದೇ ಅಂಗಡಿಯಿರುವವನು ಇನ್ನೊಬ್ಬರ ಒಲೆಯ ಮುಂದೆ ಅಪ್ಪಣೆ ಕೇಳುತ್ತ ನಿಲ್ಲಬೇಕೇ? ಒಪ್ಪಲು ನನಗೆ ಮುಂದಿನ ಪುರಿಮ್‌ವರೆಗೆ ಬೇಕಾಯಿತು.

ಹೋದ ವರ್ಷ ಆ ಹಬ್ಬದ ದಿನ ಅಂಗಡಿಗೆ ರಜೆ ಹಾಕಿ ಅವರ ಮನೆಗೆ ಹೋದೆ. ಮುಂದಿನ ಕೋಣೆಯ ಗೋಡೆಯ ಮೇಲೆ, ಆಕೆಯ ಫೋಟೋದ ಪಕ್ಕ, ಆ ನೀಲಿ ಅಂಚಿನ ತಟ್ಟೆ ತಂತಿಯಲ್ಲಿ ಕುಳಿತಿತ್ತು. ತಂತಿಯನ್ನು ಅವರೇ ಬಾಗಿಸಿದ್ದು, ನಾಲ್ಕೂ ಕಡೆ ಸಮನಾಗಿ ಹಿಡಿದಿತ್ತು.

ಅಡಿಗೆಮನೆಯಲ್ಲಿ ಹೊಸ ತವೆ, ಹೊಸ ಪಾತ್ರೆ, ಹೊಸ ಲಟ್ಟಣಿಗೆ. ಮಾಂಸಕ್ಕೂ ಅಲ್ಲ, ಹಾಲಿಗೂ ಅಲ್ಲ, ಬರೀ ನನ್ನ ಹೋಳಿಗೆಗೆಂದೇ ತಂದದ್ದು. ನಾವು ಹೊಸ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚುವಂತೆ ಅವರು ಹೊಸ ತವೆಯನ್ನು ತಮ್ಮ ಮಂದಿರದ ಹತ್ತಿರದ ಕೊಳದಲ್ಲಿ ಮುಳುಗಿಸಿ ತಂದಿದ್ದರು. ಕಡಲೆಬೇಳೆ ಆರಿಸಲು ಕುಳಿತರೆ ಅವರೂ ಎದುರಿಗೆ ಕುಳಿತು ಕನ್ನಡಕ ಏರಿಸಿ ಒಂದೊಂದು ಬೇಳೆಯನ್ನೂ ನೋಡತೊಡಗಿದರು. ಹುಳ ಸಿಕ್ಕರೆ ನಡೆಯುವುದಿಲ್ಲವಂತೆ. "ನಮ್ಮಲ್ಲಿಯೂ ನಡೆಯುವುದಿಲ್ಲ ಸರ್, ನಾವೇನು ಹುಳ ತಿನ್ನುವವರೇ?" ಎಂದೆ. ಒಲೆಯ ಬೆಂಕಿಯನ್ನು ಮಾತ್ರ ಅವರೇ ಹಚ್ಚಬೇಕಂತೆ, ನಾನಲ್ಲ. ಸರಿ ಎಂದೆ. ತುಪ್ಪ ಬೇಡವೆಂದರು, ಹಬ್ಬದ ಊಟದಲ್ಲಿ ಮಾಂಸವಿರುತ್ತದೆ, ಹಾಲಿನದು ಕೂಡದು. ಅಲ್ಲಿ ನಾನು ಹಾರಾಡಿದೆ. ತುಪ್ಪವಿಲ್ಲದ ಹೋಳಿಗೆಯನ್ನು ನನ್ನ ಕೈಯಲ್ಲಿ ಮಾಡಿಸುವುದೇ? ನನ್ನ ಗಿರಾಕಿಗಳಿಗೆ ತಿಳಿದರೆ ಗತಿಯೇನು? ಅವರು ಎಣ್ಣೆಯ ಬಾಟಲಿ ತೆಗೆದು ನನ್ನ ಮುಂದಿಟ್ಟರು. ಎಣ್ಣೆಯಲ್ಲೇ ಬೇಯಿಸಿದೆ.

ಮೊದಲನೆಯದು ಉಬ್ಬಿ ಬಂತು. ತವೆಯಿಂದ ತೆಗೆದು ಕಾಗದದ ತಟ್ಟೆಗೆ ಹಾಕಿ ಕೊಟ್ಟೆ. ಅವರು ಏನೋ ಮಂತ್ರ ಹೇಳಿಕೊಂಡು, ಒಂದು ತುಂಡು ಮುರಿದು, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ನಾನು ಸಟ್ಟುಗ ಹಿಡಿದು ನಿಂತಿದ್ದೆ. ಇಷ್ಟು ವರ್ಷದ ಮೇಲೆ, ಆ ಮನೆಯ ಬಾಯಿಗೆ ನನ್ನ ಹೋಳಿಗೆ ಹೋಗಿದ್ದು ಅದೇ ಮೊದಲು.

"ಸಿಹಿ ಸ್ವಲ್ಪ ಜಾಸ್ತಿ ಶೆಫ್" ಎಂದರು.

"ಜಾಸ್ತಿಯೇ? ತುಪ್ಪ ಹಾಕಿಸಿದ್ದರೆ ಸಮ ಆಗುತ್ತಿತ್ತು! ತುಪ್ಪ ಬೇಡ ಎಂದವರಿಗೆ ಸಿಹಿಯ ಬಗ್ಗೆ ಮಾತಾಡುವ ಹಕ್ಕಿಲ್ಲ."

ಅವರು ನಗುತ್ತ ಮತ್ತೊಂದಕ್ಕೆ ತಟ್ಟೆ ಚಾಚಿದರು. ಆಮೇಲೆ ನಗು ನಿಂತಿತು. "ಅವಳಿಗೆ ಸಿಹಿಯೆಂದರೆ ಪ್ರಾಣ" ಎಂದರು. "ಇದನ್ನು ತಿನ್ನಬೇಕೆಂದು ಅವಳಿಗೆ ತುಂಬ ಆಸೆಯಿತ್ತು. ಹುಲ್ಲಿನವನು ಬರುವವರೆಗೆ ಡಬ್ಬಿಯ ಮುಚ್ಚಳ ತೆರೆದು ತೆರೆದು ಮೂಸಿ ನೋಡುತ್ತಿದ್ದಳು. ಒಮ್ಮೆ ಅವನನ್ನೇ ಕೇಳಿದ್ದಳು, ರುಚಿ ಹೇಗಿದೆ, ಸರಿಯಾಗಿ ಹೇಳು ಎಂದು."

ನನ್ನ ಕೈಯಲ್ಲಿದ್ದ ಸಟ್ಟುಗ ತವೆಗೆ ಬಡಿಯಿತು. ನನಗೆ ಆ ಗ್ಯಾರೇಜಿನಲ್ಲೂ ಬಾರದಷ್ಟು ಸಿಟ್ಟು ಬಂತು. "ನನ್ನನ್ನು ಯಾಕೆ ಕೇಳಲಿಲ್ಲ? ನಾನು ಇಲ್ಲೇ ಇದ್ದೆನಲ್ಲ, ಗೋಡೆಯ ಆಚೆ! ಒಂದು ಮಾತು, ಹೀಗೆ ನಮ್ಮ ನಿಯಮ, ನಮ್ಮ ಮನೆಗೇ ಬಂದು ಮಾಡಿಕೊಡು ಎಂದಿದ್ದರೆ ಬರುತ್ತಿರಲಿಲ್ಲವೇ? ಪ್ರತಿ ವರ್ಷ ಬರುತ್ತಿದ್ದೆ. ನನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದು, ಆಕೆ ತಿನ್ನದೆಯೇ ಹೋದರಲ್ಲ! ಯಾರಿಗೆ ಬೇಕಿತ್ತು ಸರ್ ಆ ಮರ್ಯಾದೆ?"

"ನೀನೂ ಕೇಳಲಿಲ್ಲ ಶೆಫ್, ರುಚಿ ಹೇಗಿತ್ತು ಎಂದು."

ಹೌದು, ಕೇಳಿರಲಿಲ್ಲ. ಚೆನ್ನಾಗಿಯೇ ಇರುತ್ತದೆ ಎಂಬ ಗರ್ವ ನನಗೆ, ಕೇಳುವುದೇಕೆ?

ಅಷ್ಟರಲ್ಲಿ ತವೆಯ ಮೇಲಿದ್ದದ್ದು ಸೀದು ಹೋಗಿತ್ತು. ಅವರು ಒಲೆ ಆರಿಸಿದರು. ನಾನು ತವೆ ಒರೆಸಿದೆ. ಕಣಕ ಇನ್ನೂ ಉಳಿದಿತ್ತು, ಹೂರಣವೂ ಇತ್ತು. ಒಂದು ಉಂಡೆ ತುಂಬಿ, ಲಟ್ಟಿಸಿ, ಕೈಯಲ್ಲಿ ಹಿಡಿದು ನಿಂತೆ.

"ಹಚ್ಚಿ ಸರ್" ಎಂದೆ.

ಹಚ್ಚಿದರು.